ಎಡಕ್ಕೆ ತಿರುಗುವ ಬೀಗ

ಮಾರ್ಚ್ ೪, ಬುಧವಾರ

ಅಕ್ಕನಿಗೆ ನಮಸ್ಕಾರ. ಹೇಗಿದ್ದೀಯ? ಭಾವನ ಮಂಡಿ ಮೆಟ್ಟಿಲು ಹತ್ತುವಷ್ಟು ಸುಧಾರಿಸಿತೇ? ಗುಂಡನ ಕೆಮ್ಮು, ಗುಂಡನ ಹೆಂಡತಿಯ ತಲೆನೋವು, ಅವರ ಮಗು ಚಿಟ್ಟೆಯ ಅಲ್ಲಾಡುವ ಹಲ್ಲು, ಎಲ್ಲ ಒಂದು ಹದಕ್ಕೆ ಬಂದವೇ? ನಿಮ್ಮ ಹಿಂಬಾಗಿಲಿಗೆ ನಾನು ಹಾಕಿಕೊಟ್ಟ ಬೀಗಕ್ಕೆ ಎಣ್ಣೆ ಬಿಡುತ್ತಿದ್ದೀಯ ತಾನೇ? ಅದರ ಗುಟ್ಟು ಭಾವನಿಗೆ ಇನ್ನೂ ಗೊತ್ತಿಲ್ಲ ಅಂದುಕೊಂಡಿದ್ದೇನೆ. ಗೊತ್ತಾಗುವುದೂ ಬೇಡ.

ಇದನ್ನು ನಿನಗೆ ಕಳಿಸುವುದಿಲ್ಲ. ನೋಟ್‌ಬುಕ್ಕಿನಲ್ಲೇ ಇರಲಿ. ನಾನು ಶಾಲೆಗೆ ಹೋದವನಲ್ಲ, ನೀನು ಮದುವೆಯಾಗಿ ಹೋದ ಮೇಲೆ ನಿನಗೆ ಕಾಗದ ಬರೆಯಬೇಕೆಂದೇ ಅಕ್ಷರ ಕಲಿತವನು. ‘ಅಕ್ಕನಿಗೆ’ ಅಂತ ಮೊದಲು ಹಾಕದಿದ್ದರೆ ಇವತ್ತಿಗೂ ನನ್ನ ಪೆನ್ನು ಮುಂದಕ್ಕೆ ಹೋಗುವುದಿಲ್ಲ. ನಿನ್ನೆಯದನ್ನು ಎಲ್ಲಾದರೂ ಇಳಿಸಿಡಬೇಕು. ತಲೆ ಭಾರವಾಗಿದೆ.

ನಿನ್ನೆ ಮಧ್ಯಾಹ್ನ ಎದುರಿನ ಕಟ್ಟಡಕ್ಕೆ ಬೆಂಕಿ ಬಿತ್ತು. ಕೆಳಗೆ ಹಾಸಿಗೆ ಅಂಗಡಿ, ಮೇಲೆ ಟೀಚರಮ್ಮನ ಮನೆ. ರಿಟೈರಾದ ಲೆಕ್ಕದ ಟೀಚರು, ಒಂಟಿ ಹೆಂಗಸು, ಕಿವಿ ಮಂದ, ಕಳ್ಳರೆಂದರೆ ಜೀವ ಹೋಗುವಷ್ಟು ಭಯ. ಹತ್ತಿ ಹಿಂಜುವ ಯಂತ್ರದಿಂದ ಒಂದು ಕಿಡಿ ಹಾರಿತಂತೆ. ಹತ್ತಿಗೆ ಅಷ್ಟು ಸಾಕು. ನಾನು ಮುಂದಿನ ಕೋಣೆಯಲ್ಲಿ ಯಾರದೋ ಸೂಟ್‌ಕೇಸಿನ ಬೀಗ ಬಿಚ್ಚಿಕೊಂಡು ಕೂತಿದ್ದೆ. ಸೊಸೆ ಪಾಳಿಗೆ ಹೊರಟು ಬೆಲ್ಟು ಬಿಗಿಯುತ್ತಿದ್ದಳು. ಹೆಡ್ ಕಾನ್‌ಸ್ಟೇಬಲ್ ಸೊಸೆ ಬಂದ ಮೇಲೆ ಮನೆಯೇ ಠಾಣೆಯಾಯಿತೆಂದು ನಾನು ಅವಳ ಬೆನ್ನ ಹಿಂದೆ ‘ಠಾಣೆ’ ಅನ್ನುವುದು ನಿನಗೆ ಗೊತ್ತಲ್ಲ. ಮಗ ಹಡಗಿನ ಅಡುಗೆಮನೆಯಲ್ಲಿ ಎಲ್ಲೋ ನಡುನೀರಿನಲ್ಲಿದ್ದಾನೆ. ಮನೆಯಲ್ಲಿ ಠಾಣೆ ಮತ್ತು ನಾನು, ಇಬ್ಬರೇ.

ಅವಳು ಕಿಟಕಿಯಿಂದ ನೋಡಿದಳು. ಕೂಗಲಿಲ್ಲ. “ಮಾವ, ಟೀಚರಮ್ಮನ ಕೀ ಕೊಡಿ” ಅಂದಳು, ಸಾರಿಗೆ ಉಪ್ಪು ಕೇಳಿದ ಹಾಗೆ.

ನನ್ನ ಬೀಗ ಹಾಕಿಸಿಕೊಂಡವರ ಒಂದೊಂದು ಕೀಲಿಕೈ ನನ್ನ ಹಲಗೆಯ ಮೇಲೆ ತೂಗುತ್ತದೆ. ಒಟ್ಟು ಮೂವತ್ತೊಂದು. ಚೀಟಿ ಇಲ್ಲ, ಗುರುತಿಲ್ಲ, ನನ್ನ ಬೆರಳಿಗೆ ಮಾತ್ರ ಗೊತ್ತು. ಕಣ್ಣುಮುಚ್ಚಿ ತೆಗೆದು ಅವಳ ಅಂಗೈಗೆ ಹಾಕಿದೆ. ಓಡಿದಳು.

ಈ ಬೀಗ ಬೇರೆ ಬೀಗದ ಹಾಗೆ ಬಲಕ್ಕೆ ತಿರುಗುವುದಿಲ್ಲ. ಕೀಲಿಕೈಯನ್ನು ಪೂರ್ತಿ ಒಳಗೆ ತಳ್ಳಿ, ಒಂದು ಅಕ್ಕಿಕಾಳಿನಷ್ಟು ಹಿಂದಕ್ಕೆ ಎಳೆದು, ಎಡಕ್ಕೆ ತಿರುಗಿಸಬೇಕು. ನಾನೇ ಯೋಚಿಸಿ ಮಾಡಿದ್ದು. ಅವಳಿಗೆ ಮೊದಲು ಎಂದೂ ಹೇಳಿರಲಿಲ್ಲ. ಆದರೆ ನಿನ್ನೆ ಹೇಳಿರಬೇಕು. ಕೀಲಿಕೈ ಕೊಡುವಾಗ ಹೇಳಿಯೇ ಇರಬೇಕು.

ಅವಳು ಪಕ್ಕದ ಮೆಟ್ಟಿಲು ಹತ್ತಿದ್ದನ್ನು ಬೀದಿಯೆಲ್ಲ ನೋಡಿತು. ಹೊಗೆ ಅವಳನ್ನು ನುಂಗಿತು. ಬಾಗಿಲ ಮುಂದೆ ತುಂಬಾ ಹೊತ್ತು ನಿಂತಳು. ಕೀಲಿಕೈ ಬೀಗದೊಳಗೇ ಮುರಿಯಿತು. ತಗಡು ಹೊಡೆಸಿದ ಬಾಗಿಲು, ಒದ್ದರೆ ಕದಲಲಿಲ್ಲ. ಆಮೇಲೆ ನೀರಿನ ಕೊಳವೆ ಹಿಡಿದು ಮೆಟ್ಟಿಲಿನಿಂದ ಬಾಲ್ಕನಿಗೆ ದಾಟಿದಳು ಅಕ್ಕ. ಕೆಳಗೆ ಜ್ವಾಲೆ. ನಾನು ಕಣ್ಣು ಮುಚ್ಚಿದೆ. ತೆರೆದಾಗ ಅವಳು ಕಿಟಕಿಯ ಸರಳು ಹಿಡಿದು ಜಗ್ಗುತ್ತಿದ್ದಳು. ಚೌಕಟ್ಟಿನ ಮರ ಕೆಳಗಿನಿಂದ ಬೆಂದಿತ್ತು. ಸರಳು ಅವಳ ಕೈಗೆ ಬಂತು, ಅವಳ ಕೈಯ ಚರ್ಮ ಸರಳಿಗೆ ಹೋಯಿತು.

ಒಳಗೆ ಹೋದಳು. ನಾನು ಎಣಿಸಲು ಶುರುಮಾಡಿದೆ. ನೂರಾ ಹನ್ನೊಂದಕ್ಕೆ ಬಂದಳು, ಟೀಚರಮ್ಮನನ್ನು ಮಂಚದ ಹೊದಿಕೆಯಲ್ಲಿ ಗಂಟು ಕಟ್ಟಿಕೊಂಡು. ಹಾಸಿಗೆಯವನು ಅಂಗಡಿಯಿಂದ ಉಳಿಸಿಕೊಂಡ ಹಾಸಿಗೆಗಳನ್ನು ಬೀದಿಯಲ್ಲಿ ಒಟ್ಟಿಸಿದ್ದ. ಮೊದಲು ಗಂಟನ್ನು ಇಳಿಬಿಟ್ಟಳು. ಆಮೇಲೆ ತಾನು ಹಾರಿದಳು.

ಟೀಚರಮ್ಮ ಹೊಗೆ ಕುಡಿದು ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದಾರೆ. ಸೊಸೆಯ ಎರಡೂ ಕೈಗೆ ಮೊಣಕೈವರೆಗೆ ಬ್ಯಾಂಡೇಜು.

ಬಿಸಿಗೆ ಕಬ್ಬಿಣ ಹಿಗ್ಗುತ್ತದೆ. ಕೀಲಿಕೈ ಮುರಿದದ್ದು ಅದಕ್ಕೇ ಇರಬೇಕು.

ಮಾರ್ಚ್ ೭, ಶನಿವಾರ

ಅಕ್ಕನಿಗೆ. ಸೊಸೆಯನ್ನು ಮನೆಗೆ ಕಳಿಸಿದರು. ಪೇಪರಿನಲ್ಲಿ ಅವಳ ಫೋಟೋ ಬಂದಿದೆ. ಪದಕಕ್ಕೆ ಶಿಫಾರಸು ಮಾಡುತ್ತಾರಂತೆ. ಬಾಗಿಲಿಗೆ ಬಂದವರೆಲ್ಲ “ಪುಣ್ಯವಂತ್ರು ನೀವು” ಅಂದು ನನ್ನ ಕೈ ಕುಲುಕುತ್ತಾರೆ. ನಾನು ಕುಲುಕಿಸಿಕೊಳ್ಳುತ್ತೇನೆ.

ಊಟ ನಾನೇ ತಿನ್ನಿಸಬೇಕು. ಮೊದಲ ತುತ್ತಿಗೆ ಇಬ್ಬರಿಗೂ ನಾಚಿಕೆ. ಅವಳು ಬಾಯಿ ತೆರೆಯಲಿಲ್ಲ, ನಾನು ಕೈ ಎತ್ತಲಿಲ್ಲ.

“ಕೈದಿಗೆ ಊಟ ಹಾಕೋದು ನಮ್ಮ ಕೆಲಸ ಮಾವ. ಇವತ್ತು ಉಲ್ಟಾ ಆಯ್ತು” ಅಂದಳು.

“ಹಾಗಾದ್ರೆ ಸುಮ್ನೆ ತಿನ್ನು. ಕೈದಿಗಳು ಮಾತಾಡೋ ಹಾಗಿಲ್ಲ.”

“ಉಪ್ಪಿಲ್ಲ ಅಂತ ದೂರು ಕೊಡಬಹುದಾ?”

ಕೊಡಬಹುದಿತ್ತು. ಉಪ್ಪು ಹಾಕುವುದನ್ನು ಮರೆತಿದ್ದೆ. ತಲೆ ಬಾಚಿದೆ. ಕೂದಲಲ್ಲಿ ಇನ್ನೂ ಸುಟ್ಟ ವಾಸನೆ. ಬಾಚಣಿಗೆಗೆ ಕಮರಿದ ಎಳೆಗಳು ಪುಡಿಪುಡಿಯಾಗಿ ಬಂದವು.

ಬೀಗದ ವಿಷಯ ಅವಳು ಎತ್ತಲಿಲ್ಲ. ನಾನು ಹೇಳಿದ್ದರೆ ಅವಳು ಎತ್ತುವ ಕಾರಣವೇ ಇಲ್ಲವಲ್ಲ. ಅಂದರೆ ಹೇಳಿದ್ದೇನೆ.

ಮಾರ್ಚ್ ೧೦, ಮಂಗಳವಾರ

ಟೀಚರಮ್ಮನ ತಂಗಿಯ ಮಗ ಊರಿನಿಂದ ಬಂದು ದೂರು ಕೊಟ್ಟಿದ್ದಾನೆ. ಕೀಲಿಕೈ ಹಿಡಿದುಕೊಂಡು ಓಡಿದ್ದನ್ನು ಬೀದಿಯೇ ನೋಡಿದೆ, ಆಮೇಲೆ ಬಾಗಿಲ ಮುಂದೆ ಏಳು ನಿಮಿಷ ಏನು ಮಾಡುತ್ತಿದ್ದಳು, ಹೆದರಿ ನಿಂತಿದ್ದಳು, ಆ ಏಳು ನಿಮಿಷದ ಹೊಗೆಯೇ ದೊಡ್ಡಮ್ಮನನ್ನು ಈ ಸ್ಥಿತಿಗೆ ತಂದದ್ದು ಅಂತ. ಪದಕದ ಕಾಗದ ನಿಂತಿತು. ಹದಿನೆಂಟಕ್ಕೆ ವಿಚಾರಣೆ.

ಸೊಸೆ ಬಾಯಲ್ಲಿ ಹೇಳಿದ ಹೇಳಿಕೆಯನ್ನು ಠಾಣೆಯ ಬರಹಗಾರ ಬರೆದುಕೊಂಡು ಹೋದ. ನಾನು ಅಡುಗೆಮನೆಯಿಂದ ಕೇಳಿಸಿಕೊಂಡೆ.

“ಕೀ ಕೈಯಲ್ಲಿತ್ತಲ್ಲ ಮೇಡಂ, ಯಾಕೆ ತೆಗೀಲಿಲ್ಲ ಅಂತ ಬರೀಲಿ?”

“ಕೈ ನಡುಗಿತು ಅಂತ ಬರಿ.”

“ಅಷ್ಟೇನಾ?”

“ಅಷ್ಟೇ.”

ಅವನು ಹೋಗುವಾಗ ನನ್ನ ಹತ್ತಿರ ಮೆಲ್ಲಗೆ ಅಂದ, “ಇದು ಸರಿ ಹೋಗಲ್ಲ ಯಜಮಾನ್ರೇ. ಹೆದರಿದಳು ಅಂತ ಒಂದ್ಸಲ ಸೇವಾ ದಾಖಲೆಗೆ ಬಿದ್ರೆ ಬೀದಿ ಡ್ಯೂಟಿ ಮುಗೀತು. ರಿಟೈರಾಗೋವರೆಗೂ ಕಪಾಟಿನ ಕಾಗದ ಜೋಡಿಸಿಕೊಂಡು ಕೂರಬೇಕು.”

ಬಾಗಿಲವರೆಗೂ ಹೋಗಿ ಅವನನ್ನು ಬೀಳ್ಕೊಟ್ಟೆ. ಸುಮ್ಮನೆ ವಾಪಸು ಬಂದೆ.

ಮಾರ್ಚ್ ೧೧, ಬುಧವಾರ

ಹೇಳಿರಲಿಲ್ಲ.

ಮಾರ್ಚ್ ೧೨, ಗುರುವಾರ

ಅಕ್ಕನಿಗೆ. ನಿನ್ನೆ ಆ ಒಂದು ಮಾತು ಬರೆದು ಪೆನ್ನು ಇಟ್ಟೆ. ಇವತ್ತು ಉಳಿದದ್ದು.

ನಿನ್ನೆ ಹಲಗೆಯ ಮುಂದೆ ನಿಂತು ಮತ್ತೆ ಮಾಡಿ ನೋಡಿದೆ. ಪಕ್ಕದ ಕೊಕ್ಕೆಯಿಂದ ಬೇರೊಂದು ಕೀಲಿಕೈ ತೆಗೆದೆ. ಅವಳು ನಿಂತಿದ್ದ ಜಾಗಕ್ಕೆ ಕೈ ಚಾಚಿದೆ. ಆಗ ನೆನಪಾಯಿತು. ನನ್ನ ಬಾಯಿ ಮುಚ್ಚಿತ್ತು. ಬರೀ ಮುಚ್ಚಿರಲಿಲ್ಲ, ಬಿಗಿದಿತ್ತು. ಕೀಲಿಕೈ ಕೊಡುವಾಗ ಗುಟ್ಟು ಆಡಬಾರದು, ಗುಟ್ಟು ಹೇಳುವಾಗ ಕೀಲಿಕೈ ಕೊಡಬಾರದು, ಬಾಗಿಲಾಚೆ ಯಾರಾದರೂ ಕೇಳಿಸಿಕೊಂಡರೆ ಏನು ಗತಿ ಅಂತ ನಲವತ್ತು ವರ್ಷ ನಾನೇ ಹಾಕಿಕೊಂಡ ಕಟ್ಟಳೆ. ಕೀಲಿಕೈ ಬೆರಳಿಗೆ ತಾಗಿದರೆ ಸಾಕು, ತುಟಿ ತಾನಾಗಿ ಸೇರಿಕೊಳ್ಳುತ್ತದೆ. ಬೆಂಕಿ ಬಿದ್ದರೂ ಸೇರಿಕೊಂಡಿತು.

ಅವಳು ಮೆಟ್ಟಿಲು ಹತ್ತುವಾಗಲಾದರೂ ಕೂಗಬಹುದಿತ್ತು. ಬೀದಿ ತುಂಬ ಜನ ಇದ್ದರು. ಜನರ ಮುಂದೆ ನನ್ನ ಬೀಗದ ಗುಟ್ಟನ್ನು ಕೂಗುವುದು ಹೇಗೆ ಅಂತ ಆ ಗಳಿಗೆಯಲ್ಲಿ ನನಗೆ ಅನಿಸಿತೇ? ಅನಿಸಿದ್ದರೆ ನಾನು ಎಂಥ ಮನುಷ್ಯ? ಅನಿಸಲಿಲ್ಲ ಅಂತ ಬರೆಯಲು ಹೊರಟೆ. ಬರೆಯಲು ಆಗಲಿಲ್ಲ.

ಕಬ್ಬಿಣ ಹಿಗ್ಗಿರಲಿಲ್ಲ ಅಕ್ಕ. ತಗಡಿನ ಬಾಗಿಲು ಆಗಿನ್ನೂ ತಣ್ಣಗಿತ್ತು ಅಂತ ಅವಳೇ ಹೇಳಿಕೆಯಲ್ಲಿ ಹೇಳಿದ್ದಾಳೆ.

ಮಾರ್ಚ್ ೧೪, ಶನಿವಾರ

ಡ್ರೆಸ್ಸಿಂಗ್ ಬದಲಿಸಲು ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಹಳೆಯ ಬಟ್ಟೆ ಬಿಚ್ಚುವಾಗ ಹೊರಗೆ ಕೂರಿ ಅಂದಳು ನರ್ಸು. ಇಲ್ಲ, ನೋಡುತ್ತೇನೆ ಅಂದೆ. ನೋಡಿದೆ. ಎಡಗೈ ಪರವಾಗಿಲ್ಲ. ಬಲಗೈಯ ಎರಡು ಬೆರಳು ಪೂರ್ತಿ ಮಡಚುವುದು ಅನುಮಾನವಂತೆ.

ಅವಳು ನೋವಿಗೆ ಕಣ್ಣುಮುಚ್ಚಿಕೊಂಡು ನರ್ಸನ್ನು ತಮಾಷೆ ಮಾಡುತ್ತಿದ್ದಳು. “ಸಿಸ್ಟರ್, ಕಳ್ಳರು ಬಾಯಿ ಬಿಡದಿದ್ರೆ ನಿಮ್ಮ ಹತ್ರ ಕಳಿಸ್ತೀನಿ. ಈ ಪಟ್ಟಿ ಒಂದ್ಸಲ ಎಳೆದ್ರೆ ಸಾಕು, ಅಜ್ಜನ ಕಾಲದ ಕಳ್ಳತನಾನೂ ಒಪ್ಕೋತಾರೆ.”

ನಾನು ಆಗಲೇ ಬಾಯಿ ಬಿಟ್ಟುಬಿಡುವವನಿದ್ದೆ. ಬಿಡಲಿಲ್ಲ.

ಐಸಿಯು ಕಿಟಕಿಯಿಂದ ಟೀಚರಮ್ಮನನ್ನು ನೋಡಿಕೊಂಡು ಬಂದೆವು. ಮೂಗಿಗೆ ನಳಿಗೆ. ಹೊರಗಿನ ಬೆಂಚಿನಲ್ಲಿ ತಂಗಿಯ ಮಗ ಕೂತಿದ್ದ, ಗಡ್ಡ ಬೆಳೆದಿತ್ತು, ಚಪ್ಪಲಿ ಜೊತೆಯದಾಗಿರಲಿಲ್ಲ, ಸುದ್ದಿ ಕೇಳಿ ಸಿಕ್ಕಿದ್ದನ್ನು ಮೆಟ್ಟಿಕೊಂಡು ಬಂದಿರಬೇಕು. ಕೆಟ್ಟವನಲ್ಲ ಅಂತ ಕಂಡಿತು. ಅವನಿಗೂ ಒಂದು ಉತ್ತರ ಬೇಕಾಗಿದೆ. ಅದು ನನ್ನ ಜೇಬಿನಲ್ಲಿದೆ.

ಮಾರ್ಚ್ ೧೭, ಮಂಗಳವಾರ

ನಾಳೆ ವಿಚಾರಣೆ. ಅವಳ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿದೆ. ಇಸ್ತ್ರಿಪೆಟ್ಟಿಗೆ ಕಂಡು ಅವಳು ಒಂದು ಹೆಜ್ಜೆ ಹಿಂದೆ ಸರಿದಳು, ಆಮೇಲೆ ತಾನು ಸರಿದದ್ದು ಗೊತ್ತಾಗಿ ಮುಂದೆ ಬಂದು ನಿಂತಳು.

ಹೇಳಿದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿದೆ. ಬೀಗದವನು ಬಾಯಿ ಮುಚ್ಚಿಕೊಂಡಿದ್ದಕ್ಕೆ ಒಂದು ಜೀವ ಹೋಗುವುದರಲ್ಲಿತ್ತು ಅಂತ ಊರು ಅನ್ನುತ್ತದೆ. ಮೂವತ್ತೊಂದು ಮನೆಯವರು ಬಂದು ಬೀಗ ಕಿತ್ತುಕೊಡು ಅನ್ನುತ್ತಾರೆ. ಅದನ್ನೆಲ್ಲ ತಡೆದುಕೊಳ್ಳಬಹುದು. ಆದರೆ ಹೇಳಿದ ಮೇಲೆ ಅವಳು ನನ್ನ ಕೈಯಿಂದ ತುತ್ತು ತಿನ್ನುತ್ತಾಳೋ ಇಲ್ಲವೋ. ಅಷ್ಟು ದೂರ ಹೋಗಿ ಲೆಕ್ಕ ನಿಲ್ಲುತ್ತದೆ.

ಹೇಳದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಲೆಕ್ಕ ಬೇಕಿಲ್ಲ. ಮಗಳು ಕಪಾಟಿನ ಮುಂದೆ ಕೂರುತ್ತಾಳೆ.

ಮಾರ್ಚ್ ೧೯, ಗುರುವಾರ

ಅಕ್ಕನಿಗೆ. ನಿನ್ನೆ ರಾತ್ರಿ ಮಲಗಿದವನು ಇವತ್ತು ಬಿಸಿಲೇರಿದ ಮೇಲೆ ಎದ್ದೆ. ಎಲ್ಲವನ್ನೂ ಬರೆಯುತ್ತೇನೆ.

ನಿನ್ನೆ ಬೆಳಿಗ್ಗೆ ಅವಳ ಅಂಗಿಯ ಗುಂಡಿ ಹಾಕಿದೆ. ಬೆಲ್ಟು ಬಿಗಿದೆ. “ಒಂದು ತೂತು ಹಿಂದೆ ಮಾವ, ಉಸಿರಾಡಬೇಕು” ಅಂದಳು. ನಾನು ಜೊತೆಗೆ ಚೀಲ ಹಿಡಿದದ್ದು ನೋಡಿ ತಿಂಡಿ ಅಂದುಕೊಂಡಳು.

ಠಾಣೆಯ ಮಹಡಿಯ ಕೋಣೆ. ಮೇಜಿನ ಹಿಂದೆ ದೊಡ್ಡ ಸಾಹೇಬರು, ಪಕ್ಕದಲ್ಲಿ ಗುಮಾಸ್ತ, ಒಂದು ಕಡೆ ತಂಗಿಯ ಮಗ. ಅವಳು ನಿಂತೇ ಇದ್ದಳು. ನಾನೂ ಒಳಗೆ ಹೋದೆ.

“ನೀವ್ಯಾರು?”

“ಬೀಗದವನು ಸಾಹೇಬ್ರೆ. ಇವಳ ಮಾವ.”

“ಮಾವ ಅಂದ್ರೆ ಹೊರಗೆ ಕೂತ್ಕೊಳ್ಳಿ. ಮನೆಯವರ ಮಾತು ಇಲ್ಲಿ ನಡೆಯಲ್ಲ.”

“ಮಾವ ಹೊರಗೆ ಕೂತ್ಕೋತಾನೆ. ಬೀಗದವನು ಒಳಗಿರಲಿ.”

ಗುಮಾಸ್ತ ಕೆಮ್ಮಿದ, ನಕ್ಕದ್ದೇ ಇರಬೇಕು. ಅವಳು “ಮಾವ, ಬೇಡ” ಅಂದಳು. ಬೇಡ ಅಂದದ್ದು ಯಾಕೆ ಅಂತ ಆಗ ನನಗೆ ಹೊಳೆಯಲಿಲ್ಲ.

ಚೀಲದಿಂದ ಹಲಗೆಯ ತುಂಡು ತೆಗೆದು ಮೇಜಿನ ಮೇಲಿಟ್ಟೆ. ಟೀಚರಮ್ಮನ ಬೀಗದ ಜೋಡಿ ಅದಕ್ಕೆ ಜಡಿದಿದ್ದೆ, ನನ್ನ ಹತ್ಯಾರದ ಪೆಟ್ಟಿಗೆಗೆ ಹಾಕಿಕೊಂಡಿದ್ದ ಬೀಗ. ಕೀಲಿಕೈಯನ್ನು ಸಾಹೇಬರ ಅಂಗೈಗೆ ಹಾಕಿದೆ.

“ತೆಗೀರಿ ಸಾಹೇಬ್ರೆ. ಗುಮಾಸ್ತರು ಗಡಿಯಾರ ನೋಡ್ಲಿ.”

ಸಾಹೇಬರು ಬಲಕ್ಕೆ ತಿರುಗಿಸಿದರು. ಮತ್ತೆ ಬಲಕ್ಕೆ. ಕನ್ನಡಕ ತೆಗೆದಿಟ್ಟು ಕೀಲಿಕೈ ತಿರುವುಮುರುವು ಮಾಡಿ ನೋಡಿದರು. ಎಡಕ್ಕೂ ತಿರುಗಿಸಿದರು, ಆದರೆ ಹಿಂದಕ್ಕೆ ಎಳೆಯದಿದ್ದರೆ ಎಡಕ್ಕೂ ಬರುವುದಿಲ್ಲವಲ್ಲ. ಐದು ನಿಮಿಷವಾಯಿತು. ತಂಗಿಯ ಮಗ ತಡೆಯಲಾರದೆ “ಕೊಡಿ ಇಲ್ಲಿ” ಅಂತ ಇಸಿದುಕೊಂಡು ಎರಡು ಕೈಯಲ್ಲಿ ತಿರುಚಿದ. ಬೆವರಿದ. ಕೀಲಿಕೈ ಬಾಗಿತು.

“ಹತ್ತು ನಿಮಿಷ” ಅಂದ ಗುಮಾಸ್ತ.

“ಇಲ್ಲಿ ಫ್ಯಾನಿದೆ” ಅಂದೆ. “ಕಾಲ ಕೆಳಗೆ ಬೆಂಕಿಯಿಲ್ಲ. ಬಾಗಿಲಾಚೆ ಯಾರೂ ಕೆಮ್ಮುತ್ತಿಲ್ಲ. ಆದ್ರೂ ಹತ್ತು ನಿಮಿಷ. ನನ್ನ ಮಗಳು ಏಳೇ ನಿಮಿಷಕ್ಕೆ ಈ ಬೀಗದ ಆಸೆ ಬಿಟ್ಟು ಕಿಟಕಿಗೆ ಹೋದಳು.”

ಬೇರೆ ಕೀಲಿಕೈ ತೆಗೆದೆ. ಜೋರಾಗಿ, ಕಿಟಕಿ ಬಾಗಿಲು ತೆರೆದಿದ್ದ ಕೋಣೆಯಲ್ಲಿ, ಕಾರಿಡಾರಿನವರಿಗೂ ಕೇಳಿಸುವ ಹಾಗೆ ಹೇಳಿದೆ. ಪೂರ್ತಿ ತಳ್ಳಬೇಕು. ಅಕ್ಕಿಕಾಳಿನಷ್ಟು ಹಿಂದಕ್ಕೆ. ಎಡಕ್ಕೆ. ಬೀಗ ಕಿಟಕ್ಕೆಂದು ತೆರೆಯಿತು.

“ಇಷ್ಟನ್ನ ಆವತ್ತು ಅವಳಿಗೆ ಹೇಳಬೇಕಾಗಿತ್ತು. ಕೀ ಕೊಟ್ಟೆ, ಹೇಳಲಿಲ್ಲ. ಯಾರಿಗೂ ಹೇಳದೆ ಹೇಳದೆ ನನ್ನ ಬಾಯಿಗೆ ಅದೇ ಅಭ್ಯಾಸ ಆಗಿತ್ತು. ತಪ್ಪು ನನ್ನ ಬಾಯಿದು. ನನ್ನ ಮಗಳ ಕೈಯದಲ್ಲ.”

ಗುಮಾಸ್ತ ಬರೆದುಕೊಂಡ. ಯಾಕೋ ‘ಮಗಳು’ ಅಂತ ಬರೆದು, ತಲೆಯೆತ್ತಿ ನನ್ನ ಮುಖ ನೋಡಿ, ಹೊಡೆದುಹಾಕಿ ‘ಸೊಸೆ’ ಅಂತ ಬರೆದ. ಅವನಿಗೇನು ಗೊಂದಲವೋ.

ತಂಗಿಯ ಮಗ ಬಾಗಿದ ಕೀಲಿಕೈಯನ್ನು ಮೇಜಿನ ಮೇಲಿಟ್ಟ. ನನ್ನನ್ನು ಬೈಯುತ್ತಾನೆ ಅಂದುಕೊಂಡೆ. ಅವಳ ಕಡೆ ತಿರುಗಿ, ಅವಳ ಬ್ಯಾಂಡೇಜು ನೋಡುತ್ತಾ, “ದೂರು ವಾಪಸ್ ತಗೋತೀನಿ” ಅಂದ. ಆಮೇಲೆ ನನ್ನ ಕಡೆ ನೋಡದೆ “ಇವರ ಮೇಲೆ ಏನು ಮಾಡಬೇಕು ಅಂತ ದೊಡ್ಡಮ್ಮ ಎದ್ದ ಮೇಲೆ ಕೇಳ್ತೀನಿ” ಅಂದ. ನ್ಯಾಯವಾದ ಮಾತು.

ಬಸ್ಸಿನಲ್ಲಿ ನಾಲ್ಕು ನಿಲ್ದಾಣ ದಾಟಿದೆವು. ಆಮೇಲೆ ಅವಳು ಹೊರಗೆ ನೋಡುತ್ತಾ ಅಂದಳು, “ಕೀ ಮುರಿದಾಗಲೇ ನಂಗೆ ಗೊತ್ತಾಯ್ತು ಮಾವ. ಬೇರೆ ಯಾರ ಬೀಗವೂ ಇಷ್ಟು ಹಟ ಮಾಡಲ್ಲ.”

ನಾನು ಅವಳ ಕಡೆ ತಿರುಗಿದೆ. “ಮತ್ತೆ ಕೈ ನಡುಗಿತು ಅಂತ ಯಾಕೆ ಬರೆಸಿದೆ?”

“ನಡುಗಿದ್ದು ಸುಳ್ಳಲ್ಲ. ಬಾಗಿಲಾಚೆ ಅವರು ಕೆಮ್ಮೋದು ಕೇಳಿಸ್ತಿತ್ತು. ಆಮೇಲೆ ಕೆಮ್ಮು ನಿಂತುಹೋಯ್ತು. ನಡುಗದೆ ಇರುತ್ತಾ? ನಡುಗುತ್ತಲೇ ಕೊಳವೆ ಹಿಡಿದೆ. ನಡುಗಿದ್ದನ್ನ ಅವರು ಹೆದರಿ ನಿಂತಳು ಅಂತ ಓದಿಕೊಂಡ್ರೆ ನಾನೇನು ಮಾಡಲಿ.”

“ನನ್ನ ಹೆಸರು ಹೇಳಬಹುದಿತ್ತು.”

“ಹೇಳಿದ್ರೆ ನೀವು ಹತ್ಯಾರ ಕೆಳಗಿಟ್ಟು ಮೂಲೆ ಸೇರ್ತಿದ್ರಿ. ಮೂಲೇಲಿ ಕೂತ ಮಾವನ್ನ ನೋಡಿಕೊಳ್ಳೋಕಿಂತ ಬೆಂಕಿಗೆ ಹಾರೋದು ಸುಲಭ.” ಬ್ಯಾಂಡೇಜಿನ ಕೈಯನ್ನು ಮಡಿಲಿಗೆ ಎಳೆದುಕೊಂಡು ಸೇರಿಸಿದಳು. “ಆದ್ರೆ ಸಿಟ್ಟಿತ್ತು. ಹತ್ತು ಹನ್ನೊಂದು ದಿನ ದಿನಾ ತುತ್ತು ತಿನ್ನಿಸುವಾಗ ಇವತ್ತು ಹೇಳ್ತಾರೆ, ಇವತ್ತು ಹೇಳ್ತಾರೆ ಅಂತ ಬಾಯಿ ನೋಡ್ತಿದ್ದೆ. ಉಪ್ಪೂ ಇರ್ತಿರಲಿಲ್ಲ, ಮಾತೂ ಇರ್ತಿರಲಿಲ್ಲ.”

ಮಧ್ಯಾಹ್ನ ತಟ್ಟೆ ಹಿಡಿದು ಅವಳ ಮುಂದೆ ಕೂತೆ. ತುತ್ತು ಎತ್ತಿದೆ. ಅವಳು ನನ್ನನ್ನು ಒಂದು ಕ್ಷಣ ನೋಡಿದಳು. ಬಾಯಿ ತೆರೆದಳು.

ಮಾರ್ಚ್ ೨೩, ಸೋಮವಾರ

ಟೀಚರಮ್ಮ ಕಣ್ಣು ಬಿಟ್ಟರು. ಕಿವಿ ಮಂದವಾದ್ದರಿಂದ ನನ್ನ ತಪ್ಪೊಪ್ಪಿಗೆಯನ್ನು ವಾರ್ಡಿಗೆಲ್ಲ ಕೇಳುವಷ್ಟು ಕೂಗಿ ಹೇಳಬೇಕಾಯಿತು. ಎರಡು ಸಲ. ಪೂರ್ತಿ ಕೇಳಿಸಿಕೊಂಡು, ನಳಿಗೆಯ ಸಂದಿನಿಂದ ಅಂದರು, “ಒಳಗಿನಿಂದ ತೆಗೆಯೋಕೆ ನನಗೇ ಆಗಲಿಲ್ಲ ಕಣಪ್ಪ. ಹೊಗೇಲಿ ಎಡ ಯಾವುದು ಬಲ ಯಾವುದು ಗೊತ್ತಾಗಲಿಲ್ಲ.”

ಈ ಮಾತು ನನಗೆ ಬೈಗುಳಕ್ಕಿಂತ ಜಾಸ್ತಿ ನಾಟಿತು. ಕಳ್ಳ ಒಳಗೆ ಬರದಿರುವುದನ್ನು ಮಾತ್ರ ನಲವತ್ತು ವರ್ಷ ಯೋಚಿಸಿದೆ. ಮನುಷ್ಯರು ಹೊರಗೆ ಬರುವುದನ್ನು ಒಂದು ದಿನವೂ ಯೋಚಿಸಲಿಲ್ಲ.

ಮಾರ್ಚ್ ೨೯, ಭಾನುವಾರ

ಅಕ್ಕನಿಗೆ ನಮಸ್ಕಾರ. ಈ ಹಾಳೆಗಳನ್ನು ಹರಿದು ಕಳಿಸುತ್ತಿದ್ದೇನೆ. ಮೊದಲ ದಿನ ಕಳಿಸುವುದಿಲ್ಲ ಅಂತ ಬರೆದಿದ್ದೆ, ಅದನ್ನು ಹೊಡೆದುಹಾಕಿಲ್ಲ, ಓದಿ ನಗು.

ಸಾಹೇಬರ ವರದಿ ಬಂತು. ‘ಹೆದರಿ’ ಅನ್ನುವ ಮಾತು ಇಲ್ಲ. ಪದಕದ ಕಾಗದ ಮತ್ತೆ ಮೇಲಕ್ಕೆ ಹೋಗಿದೆಯಂತೆ, ಬರುವುದೋ ಬಿಡುವುದೋ. ಮಗಳ ಬ್ಯಾಂಡೇಜು ಮಣಿಕಟ್ಟಿನವರೆಗೆ ಇಳಿಯಿತು. ಎಡಗೈಯಲ್ಲಿ ಚಮಚ ಹಿಡಿಯುತ್ತಾಳೆ. ಆದರೂ ಮೊದಲ ತುತ್ತು ನಾನೇ ಕೊಡಬೇಕಂತೆ, ಉಪ್ಪು ಇದೆಯೋ ಇಲ್ಲವೋ ಪರೀಕ್ಷೆ ಮಾಡಲು.

ಈ ವಾರ ಅವಳೂ ನಾನೂ ಮನೆಮನೆಗೆ ಹೋದೆವು. ಟೀಚರಮ್ಮನದು ಬಿಟ್ಟು ಇಪ್ಪತ್ತೊಂಬತ್ತು ಮನೆ. ಪ್ರತಿ ಮನೆಯಲ್ಲೂ ಎಲ್ಲರನ್ನೂ ಬಾಗಿಲ ಮುಂದೆ ಸೇರಿಸಿ, ಗುಟ್ಟನ್ನು ಬಾಯಿಬಿಟ್ಟು ಹೇಳಿ, ಒಬ್ಬೊಬ್ಬರಿಗೂ ಅವರ ಕೈಯಿಂದಲೇ ತಿರುಗಿಸಿ ನೋಡಲು ಹೇಳಿದೆ. ಹನ್ನೆರಡು ಮನೆಯವರು ಬೀಗ ತೆಗೆಸಿದರು. ತೆಗೆದುಕೊಟ್ಟೆ. ಉಳಿದ ಕೀಲಿಕೈಗಳಿಗೆ ಯಾರ ಮನೆಯದೆಂದು ಚೀಟಿ ಅಂಟಿಸಿದೆ. ಟೀಚರಮ್ಮನ ಹೊಸ ಬಾಗಿಲಿಗೆ ಒಳಗಿನಿಂದ ಕೀಲಿಕೈಯೇ ಬೇಡ, ಅಂಗೈಯಲ್ಲಿ ಒತ್ತಿದರೆ ತೆರೆಯುವಂಥದ್ದು ಮಾಡುತ್ತಿದ್ದೇನೆ. ಕತ್ತಲೆಯಲ್ಲಿ, ಬೆರಳು ಮಡಚದ ಕೈಯಲ್ಲೂ ತೆರೆಯಬೇಕು. ಮಗಳ ಬಲಗೈಯಲ್ಲೇ ಪರೀಕ್ಷೆ ನಡೆಯುತ್ತಿದೆ.

ಈಗ ಹಲಗೆಯ ಮೇಲೆ ಚೀಟಿ ಅಂಟಿಸದೆ ಉಳಿದಿರುವುದು ಒಂದೇ ಕೀಲಿಕೈ. ಮೂವತ್ತೊಂದನೆಯದು, ನಾನು ಮಾಡಿದವುಗಳಲ್ಲಿ ಮೊದಲನೆಯದು. ನಿಮ್ಮ ಹಿಂಬಾಗಿಲಿನದು.

ಬೆಳಿಗ್ಗೆ ಫೋನಿನಲ್ಲಿ ನಿನಗೆ ಆ ಗುಟ್ಟನ್ನು ಮತ್ತೊಮ್ಮೆ ಹೇಳಿದ್ದೇನೆ. ಭಾವನಿಗೂ ಹೇಳುತ್ತೇನೆ ಅಂದೆ ನೀನು. ಆದರೆ ಹೇಳಿರಬೇಕು ಅನ್ನುವುದರ ಮೇಲೆ ನನಗೀಗ ನಂಬಿಕೆಯಿಲ್ಲ ಅಕ್ಕ. ಪೂರ್ತಿ ತಳ್ಳಿ, ಅಕ್ಕಿಕಾಳಿನಷ್ಟು ಹಿಂದಕ್ಕೆ ಎಳೆದು, ಎಡಕ್ಕೆ. ಭಾವನನ್ನು ಮಂಡಿನೋವಿದ್ದರೂ ಎಬ್ಬಿಸಿ ಬಾಗಿಲವರೆಗೆ ಕರೆದುಕೊಂಡು ಹೋಗು. ಗುಂಡ, ಗುಂಡನ ಹೆಂಡತಿ, ಚಿಟ್ಟೆ, ಒಬ್ಬೊಬ್ಬರೂ ಅವರವರ ಕೈಯಿಂದ ತೆಗೆಯಲಿ, ಕಣ್ಣು ಮುಚ್ಚಿಕೊಂಡು ಒಂದು ಸಲ, ತೆರೆದು ಒಂದು ಸಲ. ತೆಗೆದವರ ಹೆಸರನ್ನು ಅವರಿಂದಲೇ ಕಾಗದದಲ್ಲಿ ಬರೆಸು. ಚಿಟ್ಟೆಗೆ ಬರೆಯಲು ಬಾರದಿದ್ದರೆ ಹೆಬ್ಬೆಟ್ಟು ಸಾಕು.

ಆ ಕಾಗದ ಬರುವವರೆಗೆ ಕೊಕ್ಕೆಯಲ್ಲಿ ಆ ಒಂದು ಕೀಲಿಕೈ ಚೀಟಿಯಿಲ್ಲದೆ ತೂಗುತ್ತಿರುತ್ತದೆ. ಇವತ್ತೇ ಕೂತು ಬರೆ.